ಚಾಲಕನ ತಪ್ಪೋ, ಹಿಡಿಕೆಯ ತಪ್ಪೋ?

ಮಾನ್ಯ ಸಂಪಾದಕರೇ,

ಕಳೆದ ಸಂಚಿಕೆಯಲ್ಲಿ ಬಾಹ್ಯಾಕಾಶ ಪ್ರವಾಸದ ನೌಕೆಗಳ ಪರೀಕ್ಷಾ ಹಾರಾಟದ ಬಗ್ಗೆ ನೀವು ಬರೆದ ಲೇಖನವನ್ನು ಓದಿದೆ. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ನಾವು ಬ್ರೇಕ್ ಕೆಲಸ ಮುಗಿಸಿದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ ರೂಟಿಗೆ ಬಿಡುತ್ತಿದ್ದೆವು. ಹತ್ತು ನಿಮಿಷದ ಹಾರಾಟಕ್ಕೆ ಇವರಿಗೆ ಇಷ್ಟು ವರ್ಷಗಳ ಪರೀಕ್ಷೆ ಏಕೆ ಬೇಕು? 2014ರ ಅಪಘಾತದಲ್ಲಿ ಸಹಪೈಲಟ್ ಹಿಡಿಕೆಯನ್ನು ಹೊತ್ತಿಗೆ ಮುಂಚೆ ಎಳೆದ ಎಂದು ನೀವೇ ಬರೆದು, ಕೊನೆಗೆ ತಪ್ಪನ್ನು ವಿನ್ಯಾಸದ ತಲೆಗೆ ಕಟ್ಟಿದ್ದೀರಿ. ಇದು ಯಾವ ನ್ಯಾಯ? ಇಷ್ಟೆಲ್ಲ ಪರೀಕ್ಷೆ ಮುಗಿದ ಮೇಲೆ ಈಗ ಆ ನೌಕೆಗಳು ಸುರಕ್ಷಿತವೇ? ಯಾರಾದರೂ ಟಿಕೆಟ್ ತೆಗೆಸಿಕೊಟ್ಟರೆ ನೀವು ಹತ್ತುತ್ತೀರಾ? ಶ್ರೀಮಂತರ ಈ ಜಾತ್ರೆಯ ಸುದ್ದಿ ನಮ್ಮ ಭಾಗದ ಪತ್ರಿಕೆಗೇಕೆ ಎಂದೂ ಕೇಳಬೇಕೆಂದಿದ್ದೆ. ಆದರೆ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗಳು ನಿಮ್ಮ ಲೇಖನ ಓದಿದಂದಿನಿಂದ ತಾನು ಹಾರಾಟ ಪರೀಕ್ಷೆಯ ಎಂಜಿನಿಯರ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅದು ಎಂಥ ಕೆಲಸ, ದಯವಿಟ್ಟು ತಿಳಿಸಿ.

— ಹಿರಿಯ ಓದುಗ, ಬೆಟಗೇರಿ, ಗದಗ

ಸಂಪಾದಕರ ಉತ್ತರ

ಹಿರಿಯರೇ, ನಮಸ್ಕಾರ.

ಹೊಗಳಿಕೆಯ ಪತ್ರಕ್ಕೆ ಎರಡು ಸಾಲಿನ ಉತ್ತರ ಸಾಕು, ಜಗಳದ ಪತ್ರಕ್ಕೆ ಪುಟಗಳೇ ಬೇಕು. ಕೊಡುತ್ತಿದ್ದೇನೆ. ಪ್ರಶ್ನೆಗಳ ಕ್ರಮವನ್ನು ಮಾತ್ರ ಬದಲಿಸಿಕೊಂಡಿದ್ದೇನೆ. ನಿಮಗೂ ನನಗೂ ನಿಜವಾದ ತಕರಾರು ಇರುವುದು ಆ ಹಿಡಿಕೆಯ ವಿಷಯದಲ್ಲಿ, ಆದ್ದರಿಂದ ಮೊದಲು ಅದು.

2014ರ ಅಕ್ಟೋಬರ್ 31. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯ ಮೇಲೆ ಸುಮಾರು 14 ಕಿ.ಮೀ. ಎತ್ತರದಲ್ಲಿ ಮಾತೃವಿಮಾನವು ತನ್ನ ರೆಕ್ಕೆಯ ನಡುಭಾಗದ ಕೆಳಗೆ ಕಟ್ಟಿಕೊಂಡಿದ್ದ ಸ್ಪೇಸ್‌ಶಿಪ್ ಟೂ ನೌಕೆಯನ್ನು ಕಳಚಿಬಿಟ್ಟಿತು. ಒಳಗಿದ್ದವರು ಇಬ್ಬರೇ: ಪೈಲಟ್ ಪೀಟರ್ ಸೀಬೋಲ್ಡ್, ಸಹಪೈಲಟ್ ಮೈಕೆಲ್ ಆಲ್ಸ್‌ಬರಿ. ವರ್ಜಿನ್ ಗ್ಯಾಲಕ್ಟಿಕ್ ಕಂಪನಿಗಾಗಿ ಈ ನೌಕೆಯನ್ನು ಕಟ್ಟಿ ಪರೀಕ್ಷಿಸುತ್ತಿದ್ದ ಸ್ಕೇಲ್ಡ್ ಕಾಂಪೊಸಿಟ್ಸ್ ಸಂಸ್ಥೆಯ ಪರೀಕ್ಷಾ ಪೈಲಟ್‌ಗಳು ಇವರು. ಎಂಜಿನ್ ಹೊತ್ತಿಸಿಕೊಂಡು ಈ ನೌಕೆ ಹಾರಿದ್ದು ಅದು ನಾಲ್ಕನೆಯ ಸಲ.

ಈ ನೌಕೆಯ ವಿಶೇಷವಿರುವುದು ಬಾಲದಲ್ಲಿ. ಬಾಹ್ಯಾಕಾಶದ ಅಂಚಿನಿಂದ ಕೆಳಗೆ ಬೀಳುವಾಗ ಬಾಲದ ಭಾಗವನ್ನು ಇಡಿಯಾಗಿ ಸುಮಾರು 60 ಡಿಗ್ರಿ ಮೇಲಕ್ಕೆತ್ತುತ್ತಾರೆ. ಆಗ ನೌಕೆ ಬ್ಯಾಡ್ಮಿಂಟನ್ ಶಟಲ್‌ನಂತೆ ತನ್ನಷ್ಟಕ್ಕೆ ಸರಿಯಾದ ಭಂಗಿಗೆ ತಿರುಗಿ, ಗಾಳಿಯ ತಡೆಗೆ ವೇಗ ಕಳೆದುಕೊಳ್ಳುತ್ತಾ ಇಳಿಯುತ್ತದೆ. ಬರ್ಟ್ ರುಟಾನ್ ಎಂಬ ವಿನ್ಯಾಸಕಾರರ ಜಾಣತನ ಇದು. ಅವರದೇ ಸ್ಪೇಸ್‌ಶಿಪ್ ಒನ್ 2004ರಲ್ಲಿ 100 ಕಿ.ಮೀ. ಎತ್ತರವನ್ನು ಮೂರು ಸಲ ದಾಟಿ, ಒಂದು ಕೋಟಿ ಡಾಲರ್‌ಗಳ ಅನ್ಸಾರಿ ಎಕ್ಸ್ ಪ್ರೈಜ್ ಗೆದ್ದದ್ದು ಈ ಬಾಲದ ಬಲದಿಂದಲೇ.

ಬಾಲ ಎತ್ತಲು ಎರಡು ಕೆಲಸಗಳಿವೆ. ಮೊದಲು ಬೀಗ ತೆಗೆಯಬೇಕು, ಆಮೇಲೆ ಇನ್ನೊಂದು ಹಿಡಿಕೆಯಿಂದ ಬಾಲವನ್ನು ಎತ್ತಬೇಕು. ಬೀಗವನ್ನು ಮೇಲೇರುವಾಗಲೇ, ಶಬ್ದದ ವೇಗದ 1.4 ಪಟ್ಟು ತಲುಪಿದಾಗ ತೆಗೆಯುವುದು ನಿಯಮವಾಗಿತ್ತು. ಇಳಿಯುವಾಗ ಬೇಕಾಗುವ ಬಾಲದ ಬೀಗವನ್ನು ಏರುವಾಗ ಏಕೆ ತೆಗೆಯಬೇಕು ಎಂದು ನೀವು ಕೇಳುತ್ತೀರಿ. ಬೀಗ ಸಿಕ್ಕಿಕೊಂಡಿದ್ದರೆ ಅದು ಮೊದಲೇ ತಿಳಿಯಬೇಕು. ತಿಳಿದರೆ ಎಂಜಿನ್ ಆರಿಸಿ, ಹೆಚ್ಚು ಎತ್ತರಕ್ಕೆ ಹೋಗದೆ ಹಿಂದಿರುಗಬಹುದು. ಅದಕ್ಕೇ ವೇಗ 1.8 ಪಟ್ಟು ಮುಟ್ಟುವುದರೊಳಗೆ ಬೀಗ ತೆರೆಯದಿದ್ದರೆ ಹಾರಾಟವನ್ನೇ ಕೈಬಿಡಬೇಕಿತ್ತು. ಅಂದರೆ ಸಹಪೈಲಟ್‌ಗೆ ತಡಮಾಡುವ ಭಯವಿತ್ತು. ಬೇಗ ತೆಗೆದರೆ ಏನಾಗುತ್ತದೆ ಎಂಬ ಭಯವನ್ನು ಅವನಲ್ಲಿ ಯಾರೂ ಸರಿಯಾಗಿ ಹುಟ್ಟಿಸಿರಲಿಲ್ಲ.

ಆಲ್ಸ್‌ಬರಿ ಬೀಗ ತೆಗೆದದ್ದು ವೇಗ ಶಬ್ದದ ವೇಗದ ಸುಮಾರು 0.8 ಪಟ್ಟು ಇದ್ದಾಗ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿ ಬಾಲವನ್ನು ಮೇಲಕ್ಕೆ ನೂಕುತ್ತದೆ. ಆ ನೂಕುಬಲದ ಮುಂದೆ ಬಾಲವನ್ನು ಹಿಡಿದಿಟ್ಟ ಯಂತ್ರದ ತ್ರಾಣ ಸಾಲಲಿಲ್ಲ. ನೀವು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಎರಡನೆಯ ಹಿಡಿಕೆಯನ್ನು ಯಾರೂ ಮುಟ್ಟಲೇ ಇಲ್ಲ. ಬಾಲ ತಾನೇ ಎದ್ದಿತು, ನೌಕೆ ಆಕಾಶದಲ್ಲೇ ಚೂರುಚೂರಾಯಿತು. ಕಳಚಿಕೊಂಡ ಕ್ಷಣದಿಂದ ಲೆಕ್ಕ ಹಾಕಿದರೆ ಕಾಲು ನಿಮಿಷವೂ ಆಗಿರಲಿಲ್ಲ. ಆಲ್ಸ್‌ಬರಿ ತೀರಿಕೊಂಡರು. ಒತ್ತಡದ ಉಡುಪೂ ಇಲ್ಲದೆ ಅಷ್ಟು ಎತ್ತರದಿಂದ ಎಸೆಯಲ್ಪಟ್ಟ ಸೀಬೋಲ್ಡ್, ಬೀಳುತ್ತಲೇ ಸೀಟಿನ ಪಟ್ಟಿ ಬಿಚ್ಚಿಕೊಂಡು, ತಾನಾಗಿ ತೆರೆದುಕೊಂಡ ಪ್ಯಾರಾಚೂಟಿನಿಂದ ಬದುಕುಳಿದರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2015ರ ಜುಲೈನಲ್ಲಿ ತನಿಖೆಯ ತೀರ್ಮಾನ ಹೇಳಿತು. ಹಿಡಿಕೆ ಎಳೆದದ್ದು ಆಲ್ಸ್‌ಬರಿ ಎಂಬುದನ್ನು ಮಂಡಳಿ ಮುಚ್ಚಿಡಲಿಲ್ಲ, ನಾನೂ ಮುಚ್ಚಿಟ್ಟಿಲ್ಲ. ಆದರೆ ಒಬ್ಬ ಮನುಷ್ಯನ ಒಂದೇ ತಪ್ಪಿನಿಂದ ನೌಕೆ ನಾಶವಾಗಬಹುದು ಎಂಬ ಸಾಧ್ಯತೆಯನ್ನು ಕಟ್ಟಿದವರು ಯೋಚಿಸಲಿಲ್ಲ, ಅದಕ್ಕೆ ತಡೆಯನ್ನೂ ಇಡಲಿಲ್ಲ ಎಂಬುದೇ ಕಾರಣ ಎಂದಿತು. ಯಂತ್ರ ಕೆಟ್ಟು ಬಾಲ ಎದ್ದರೆ ಏನು ಗತಿ ಎಂದು ಲೆಕ್ಕ ಹಾಕಿದ್ದರು. ಮನುಷ್ಯ ಅವಸರಪಟ್ಟರೆ ಏನು ಗತಿ ಎಂದು ಹಾಕಿರಲಿಲ್ಲ. ಬೀಗವನ್ನು ಬೇಗ ತೆಗೆದರೆ ಅಪಾಯ ಎಂಬ ಮಾತು ಕಡತದಲ್ಲಿ ಸಿಕ್ಕಿದ್ದು 2010ರ ಒಂದು ಇಮೇಲ್‌ನಲ್ಲಿ, 2011ರ ಸಭೆಯೊಂದಕ್ಕೆ ತಯಾರಿಸಿದ ಒಂದು ಸ್ಲೈಡ್‌ನಲ್ಲಿ. ಅಪಘಾತ ಆದದ್ದು ಅದಾಗಿ ಮೂರು ವರ್ಷಗಳ ಮೇಲೆ. ಕೈಪಿಡಿಯಲ್ಲಿ ಎಚ್ಚರಿಕೆ ಇರಲಿಲ್ಲ. ಸಿಮ್ಯುಲೇಟರ್‌ನಲ್ಲಿ ನೂರು ಸಲ ಅಭ್ಯಾಸ ಮಾಡಿದರೂ ಅಲ್ಲಿ ರಾಕೆಟ್‌ನ ನಡುಕವಾಗಲಿ, ಎದೆಯ ಮೇಲೆ ಕೂರುವ ಭಾರವಾಗಲಿ ಇರುತ್ತಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ನೆನಪಿನಿಂದಲೇ, ಕೆಲವೇ ಸೆಕೆಂಡುಗಳಲ್ಲಿ ಮಾಡಬೇಕಿತ್ತು.

‘ತಪ್ಪು ಮಾಡಿದವನು ತಪ್ಪು ಮಾಡಿದ’ ಎನ್ನುವುದು ಪೊಲೀಸ್ ಠಾಣೆಗೆ ಸಾಕಾಗುವ ಉತ್ತರ. ಪರೀಕ್ಷೆ ಮಾಡುವವನಿಗೆ ಅದು ಉತ್ತರವೇ ಅಲ್ಲ, ಏಕೆಂದರೆ ಆ ಉತ್ತರದಿಂದ ಮುಂದಿನ ನೌಕೆಯಲ್ಲಿ ಒಂದು ತಿರುಪೂ ಬದಲಾಗುವುದಿಲ್ಲ. ಹೊಸ ಪೈಲಟ್ ಬರುತ್ತಾನೆ, ಅದೇ ಹಿಡಿಕೆ ಇರುತ್ತದೆ, ಅವನಿಗೂ ಒಂದು ಕೆಟ್ಟ ಗಳಿಗೆ ಬರುತ್ತದೆ. ಮುಂದಿನ ನೌಕೆ ಯೂನಿಟಿಯಲ್ಲಿ ಅಪಾಯದ ವೇಗದಲ್ಲಿ ಬೀಗವೇ ತೆರೆಯದಂತೆ ತಡೆಯೊಂದನ್ನು ಸೇರಿಸಿದರು. ಇದನ್ನು ಮೊದಲೇ ಮಾಡಿದ್ದರೆ ಆಲ್ಸ್‌ಬರಿ ಅಂದು ಮನೆಗೆ ಹೋಗಿ, ‘ಇವತ್ತು ಬೀಗ ಬೇಗ ಎಳೆಯಲು ಹೋಗಿದ್ದೆ, ಅದು ಬರಲಿಲ್ಲ’ ಎಂದು ನಗುತ್ತಿದ್ದರು. ಈ ವಿಷಯದಲ್ಲಿ ನಾನು ನಿಮ್ಮ ಮಾತಿಗೆ ಒಪ್ಪುವವನಲ್ಲ.

ಇನ್ನು ಇಷ್ಟು ವರ್ಷ ಏಕೆ ಎಂಬ ಪ್ರಶ್ನೆ. ನೀವು ಬ್ರೇಕ್ ಕಟ್ಟಿ ಒಂದೇ ಸುತ್ತು ಓಡಿಸಿ ಬಿಡುತ್ತಿದ್ದಿರಿ, ಸರಿ. ಆ ಬ್ರೇಕ್ ಎಷ್ಟು ಬಿಸಿಯಾದರೆ ಹಿಡಿಯುವುದಿಲ್ಲ, ಎಷ್ಟು ಭಾರಕ್ಕೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಯಾರೋ ಕಾರ್ಖಾನೆಯಲ್ಲಿ ನಿಮಗಿಂತ ಮುಂಚೆ ಕಂಡುಕೊಂಡಿದ್ದರು. ಇಲ್ಲಿ ಅಂಥ ‘ಮುಂಚೆ’ ಇಲ್ಲ. ಆದ್ದರಿಂದ ಒಂದೊಂದೇ ಹೆಜ್ಜೆ. ಯೂನಿಟಿಯನ್ನು 2016ರ ಸೆಪ್ಟೆಂಬರ್‌ನಲ್ಲಿ ಮಾತೃವಿಮಾನಕ್ಕೆ ಕಟ್ಟಿ ಸುಮ್ಮನೆ ಸುತ್ತಾಡಿಸಿದರು. ಡಿಸೆಂಬರ್‌ನಲ್ಲಿ ಎಂಜಿನ್ ಹೊತ್ತಿಸದೆ ತೇಲಿಸಿ ಇಳಿಸಿದರು. ಎಂಜಿನ್ ಹೊತ್ತಿಸಿದ್ದು 2018ರ ಏಪ್ರಿಲ್ 5ರಂದು, ಅದೂ 30 ಸೆಕೆಂಡು. ತಲುಪಿದ್ದು ಸುಮಾರು 25.7 ಕಿ.ಮೀ. ಮೇ ತಿಂಗಳಲ್ಲಿ 31 ಸೆಕೆಂಡು, ಸುಮಾರು 35 ಕಿ.ಮೀ. ಜುಲೈನಲ್ಲಿ 42 ಸೆಕೆಂಡು, 52 ಕಿ.ಮೀ. ಡಿಸೆಂಬರ್ 13ರಂದು 60 ಸೆಕೆಂಡು, 82.7 ಕಿ.ಮೀ. ಏಪ್ರಿಲ್‌ನಿಂದ ಮೇ ತಿಂಗಳಿಗೆ ಹೆಚ್ಚಿಸಿದ್ದು ಒಂದೇ ಒಂದು ಸೆಕೆಂಡು! ಹೊರಗಿನವರಿಗೆ ನಗು ಬರುವ ಲೆಕ್ಕ. ಆದರೆ ಪ್ರತಿ ಸಲವೂ ಹಿಂದಿನ ಹಾರಾಟದ ಅಳತೆಗಳು ಕಾಗದದ ಲೆಕ್ಕಕ್ಕೆ ತಾಳೆಯಾದವೇ ಎಂದು ನೋಡಿ, ಆದರೆ ಮಾತ್ರ ಮುಂದಕ್ಕೆ ಹೋಗುವುದು ಈ ಕಸುಬಿನ ಶಿಸ್ತು.

ಅಷ್ಟು ಶಿಸ್ತಿದ್ದರೂ ಏನಾಗುತ್ತದೆ ಎಂಬುದಕ್ಕೆ ಮೆಕ್ಯಾನಿಕ್ ಆದ ನಿಮಗೆ ರುಚಿಸುವ ಒಂದು ಪ್ರಸಂಗ ಹೇಳುತ್ತೇನೆ. 2019ರ ಫೆಬ್ರವರಿ 22ರಂದು ಇಬ್ಬರು ಪೈಲಟ್‌ಗಳ ಜತೆ ಬೆತ್ ಮೋಸಸ್ ಎಂಬ ಎಂಜಿನಿಯರ್ ಮೇಲಕ್ಕೆ ಹೋದರು. ಪ್ರಯಾಣಿಕರ ಕ್ಯಾಬಿನ್ನನ್ನು ಪ್ರಯಾಣಿಕಳಾಗಿಯೇ ಪರೀಕ್ಷಿಸುವುದು ಅವರ ಕೆಲಸ: ಪಟ್ಟಿ ಬಿಚ್ಚಿ ತೇಲುವುದು, ಕಿಟಕಿಯಿಂದ ಕಿಟಕಿಗೆ ಹೋಗುವುದು, ಮತ್ತೆ ಹೊತ್ತಿಗೆ ಸರಿಯಾಗಿ ಸೀಟಿಗೆ ಬಂದು ಕಟ್ಟಿಕೊಳ್ಳುವುದು. ಎಲ್ಲವೂ ಚೆನ್ನಾಗಿ ಆಯಿತು, ಚಪ್ಪಾಳೆಯೂ ಬಿತ್ತು. ಕೆಳಗಿಳಿದ ಮೇಲೆ ನೋಡಿದರೆ ಬಾಲದ ಅಡ್ಡರೆಕ್ಕೆಯಲ್ಲಿ ಸೀಲ್ ಬಿಚ್ಚಿಕೊಂಡಿತ್ತು. ಶಾಖದಿಂದ ಕಾಪಾಡಲು ಅಂಟಿಸಿದ್ದ ಹೊಸ ಲೋಹದ ಹಾಳೆ, ಒಳಗಿನ ಗಾಳಿ ಹೊರಹೋಗಲು ಇಟ್ಟಿದ್ದ ರಂಧ್ರಗಳನ್ನೇ ಮುಚ್ಚಿಬಿಟ್ಟಿತ್ತು. ನೌಕೆ ಮೇಲೇರಿದಂತೆ ಹೊರಗಿನ ಒತ್ತಡ ಇಳಿಯಿತು, ಒಳಗೆ ಸಿಕ್ಕಿದ ಗಾಳಿ ರೆಕ್ಕೆಯನ್ನು ಬಿರಿಯುವಂತೆ ಮಾಡಿತು. ಲೆಕ್ಕ ಸರಿಯಿತ್ತು, ರೇಖಾಚಿತ್ರ ಸರಿಯಿತ್ತು, ಅಂಟಿಸಿದ ಕೈ ತಪ್ಪಿತು. ಈ ಸಂಗತಿ ಹೊರಜಗತ್ತಿಗೆ ತಿಳಿದದ್ದು 2021ರಲ್ಲಿ ಎಂಬುದು ನನಗೆ ಆ ಬಿರುಕಿಗಿಂತ ಹೆಚ್ಚು ಕಿರಿಕಿರಿಯ ವಿಷಯ.

ಮತ್ತೊಂದು ಸಲ, 2020ರ ಡಿಸೆಂಬರ್ 12ರಂದು, ಎಂಜಿನ್ ಹೊತ್ತಿಕೊಳ್ಳುವಾಗಲೇ ಅದರ ಕಂಪ್ಯೂಟರ್ ಸಂಪರ್ಕ ಕಳೆದುಕೊಂಡು ಹೊತ್ತುವಿಕೆ ತಾನಾಗಿ ನಿಂತಿತು. ಪೈಲಟ್‌ಗಳು ನೌಕೆಯನ್ನು ತೇಲಿಸಿ ನ್ಯೂ ಮೆಕ್ಸಿಕೊದ ರನ್‌ವೇಗೆ ಇಳಿಸಿದರು. ಮರುದಿನದ ಪತ್ರಿಕೆಗಳು ‘ವಿಫಲ’ ಎಂದು ಬರೆದವು. ನನ್ನ ಲೆಕ್ಕದಲ್ಲಿ ಅದು ಆ ನೌಕೆಯ ಒಳ್ಳೆಯ ದಿನಗಳಲ್ಲಿ ಒಂದು: ಎಂಜಿನ್ ಕೈಕೊಟ್ಟರೂ ಅದು ಸುಖವಾಗಿ ನೆಲಕ್ಕೆ ಬಂತು.

ಈ ವಿಷಯದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಿರುವುದು ಬ್ಲೂ ಒರಿಜಿನ್ ಎಂಬ ಇನ್ನೊಂದು ಕಂಪನಿಯ ನ್ಯೂ ಶೆಪರ್ಡ್ ಮೇಲೆ. ಇದಕ್ಕೆ ಪೈಲಟ್ ಇಲ್ಲ. ನೇರ ಮೇಲೇರುವ ರಾಕೆಟ್, ಅದರ ತುದಿಯಲ್ಲಿ ಆರು ಜನರ ಕೋಶ. ರಾಕೆಟ್ ಕಾಲೂರಿ ಇಳಿಯುತ್ತದೆ, ಕೋಶ ಮೂರು ಪ್ಯಾರಾಚೂಟ್‌ಗಳಲ್ಲಿ ಇಳಿಯುತ್ತದೆ. 2015ರ ಏಪ್ರಿಲ್‌ನ ಮೊದಲ ಹಾರಾಟದಲ್ಲಿ ರಾಕೆಟ್ ಕಳೆದುಹೋಯಿತು, ಕೋಶ ಸುಖವಾಗಿ ಇಳಿಯಿತು. ಅದೇ ನವೆಂಬರ್‌ನಲ್ಲಿ ರಾಕೆಟ್ಟೂ ಸರಿಯಾಗಿ ಇಳಿಯಿತು. ಇಷ್ಟರ ಮೇಲೆ ಅವರು ಮಾಡಿದ ಕೆಲಸ ನೋಡಿ. 2016ರ ಜೂನ್‌ನಲ್ಲಿ ಮೂರರಲ್ಲಿ ಒಂದು ಪ್ಯಾರಾಚೂಟ್ ಬೇಕೆಂದೇ ಕೆಲಸ ಮಾಡದಂತೆ ಮಾಡಿ, ಎರಡರ ಮೇಲೆಯೇ ಕೋಶವನ್ನು ಇಳಿಸಿದರು. ಅಕ್ಟೋಬರ್‌ನಲ್ಲಿ, ರಾಕೆಟ್ ರಭಸವಾಗಿ ಏರುತ್ತಿರುವಾಗಲೇ ಕೋಶದ ತಳದ ತುರ್ತು ಮೋಟಾರ್ ಹೊತ್ತಿಸಿ, ಕೋಶವನ್ನು ರಾಕೆಟ್‌ನಿಂದ ಕಿತ್ತು ಪಕ್ಕಕ್ಕೆ ಎಸೆದರು. ಇವೆಲ್ಲ ಆದದ್ದು ಒಬ್ಬ ಮನುಷ್ಯನೂ ಒಳಗೆ ಇಲ್ಲದಿದ್ದಾಗ.

ಫಲ ಬಂದದ್ದು ತಡವಾಗಿ. 2022ರ ಸೆಪ್ಟೆಂಬರ್ 12ರಂದು, ಬರೀ ಪ್ರಯೋಗ ಸಾಮಗ್ರಿ ಹೊತ್ತಿದ್ದ ಹಾರಾಟದಲ್ಲಿ ಎಂಜಿನ್‌ನ ನಳಿಕೆ ಶಾಖಕ್ಕೆ ಒಡೆಯಿತು. ತುರ್ತು ಮೋಟಾರ್ ಈ ಸಲ ನಿಜಕ್ಕೂ ಹೊತ್ತಿಕೊಂಡಿತು, ಕೋಶ ಕೆಳಗೆ ಬಂದು ಕೂತಿತು, ರಾಕೆಟ್ ನೆಲಕ್ಕಪ್ಪಳಿಸಿತು. ಅಮೆರಿಕದ ವಿಮಾನಯಾನ ಆಡಳಿತ 21 ತಿದ್ದುಪಡಿಗಳನ್ನು ಹೇಳಿತು, ನೌಕೆ ಮತ್ತೆ ಹಾರುವ ಹೊತ್ತಿಗೆ 2023ರ ಡಿಸೆಂಬರ್ ಬಂದಿತ್ತು. ಮುಂದಿನ ಮೇ 19ರಂದು ಆರು ಮಂದಿಯನ್ನು ಹೊತ್ತು ಹೋದ ಕೋಶ ಇಳಿಯುವಾಗ ಒಂದು ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಆ ಆರು ಮಂದಿಯಲ್ಲಿ ಒಬ್ಬರು ವಿಜಯವಾಡದಲ್ಲಿ ಹುಟ್ಟಿದ ಗೋಪಿ ತೋಟಕೂರ, ಭಾರತದ ಮೊದಲ ಬಾಹ್ಯಾಕಾಶ ಪ್ರವಾಸಿ. ಯಾರಿಗೂ ಏನೂ ಆಗಲಿಲ್ಲ. ಎಂಟು ವರ್ಷ ಹಿಂದೆ ಖಾಲಿ ಕೋಶಕ್ಕೆ ಬೇಕೆಂದೇ ಮಾಡಿ ನೋಡಿದ್ದು ತೋಟಕೂರರ ಪಾಲಿಗೆ ಕೇಳದೆಯೇ ಬಂದಿತ್ತು, ಉತ್ತರ ಮಾತ್ರ ಮೊದಲೇ ಸಿದ್ಧವಾಗಿತ್ತು.

ಹೀಗಾಗಿ ‘ಎಷ್ಟು ಸಲ ಚೆನ್ನಾಗಿ ಹಾರಿತು’ ಎಂದು ಯಾರಾದರೂ ಹೇಳಿಕೊಂಡರೆ ನಾನು ಅಷ್ಟಾಗಿ ಕಿವಿಗೊಡುವುದಿಲ್ಲ. ಯಾವುದನ್ನು ಬೇಕೆಂದೇ ಕೆಡಿಸಿ ನೋಡಿದಿರಿ, ಕೆಟ್ಟ ಮೇಲೂ ಅದು ಮನೆಗೆ ಬಂದಿತೇ ಎಂದು ಕೇಳುತ್ತೇನೆ. ಸ್ಪೇಸ್‌ಶಿಪ್ ಟೂನಲ್ಲಿ ಕೆಡಿಸಿ ನೋಡಬೇಕಾಗಿದ್ದದ್ದು ಲೋಹವನ್ನಲ್ಲ, ಮನುಷ್ಯನ ಆತುರವನ್ನು. ಅದನ್ನು ಕಾಗದದ ಮೇಲೂ ಕೆಡಿಸಿ ನೋಡಲಿಲ್ಲ.

ಈಗ ಅವು ಸುರಕ್ಷಿತವೇ? ಕಾನೂನಿನ ಉತ್ತರ ಬೇಕಾದರೆ, ಹಾಗೆಂದು ಯಾರೂ ಹೇಳಿಲ್ಲ. ಅಮೆರಿಕದಲ್ಲಿ 2004ರಲ್ಲಿ ಮಾಡಿದ ಕಾನೂನಿನಂತೆ ಟಿಕೆಟ್ ಕೊಂಡವರು ‘ಪ್ರಯಾಣಿಕರು’ ಅಲ್ಲ, ಹಾರಾಟದಲ್ಲಿ ‘ಭಾಗವಹಿಸುವವರು’. ಈ ವಾಹನ ಮನುಷ್ಯರನ್ನು ಒಯ್ಯಲು ಸುರಕ್ಷಿತ ಎಂದು ಸರ್ಕಾರ ಪ್ರಮಾಣಪತ್ರ ಕೊಟ್ಟಿಲ್ಲ ಎಂಬುದನ್ನು ಕಂಪನಿ ಅವರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಅವರು ಒಪ್ಪಿ ಸಹಿ ಹಾಕಬೇಕು. ಸರ್ಕಾರ ನೋಡುವುದು ಮುಖ್ಯವಾಗಿ ಕೆಳಗೆ ನೆಲದ ಮೇಲಿರುವವರ ಸುರಕ್ಷತೆಯನ್ನು. ಒಳಗೆ ಕುಳಿತವರಿಗಾಗಿ ನಿಯಮ ಮಾಡುವುದನ್ನು ಮುಂದೂಡುತ್ತಾ ಬಂದು, ಈಗ ಆ ಗಡುವನ್ನು 2028ರ ಜನವರಿಯವರೆಗೆ ತಳ್ಳಿದ್ದಾರೆ. ಉದ್ಯಮ ಇನ್ನೂ ಎಳೆಯದು, ಈಗಲೇ ಕಟ್ಟಿಹಾಕಿದರೆ ಬೆಳೆಯುವುದಿಲ್ಲ ಎಂಬುದು ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ 2021ರಲ್ಲಿ 4.5 ಲಕ್ಷ ಡಾಲರ್ ಬೆಲೆಯಿದ್ದ ಟಿಕೆಟ್ಟನ್ನು ಮಾರುವಾಗ ‘ಪ್ರವಾಸ’ ಎನ್ನುವುದು, ಸಹಿ ಹಾಕಿಸಿಕೊಳ್ಳುವಾಗ ‘ನಿಮ್ಮ ಹೊಣೆ ನಿಮ್ಮದು’ ಎನ್ನುವುದು, ಇವೆರಡೂ ಒಂದೇ ಬಾಯಲ್ಲಿ ಬರುವುದು ನನಗೆ ಸರಿಕಾಣುವುದಿಲ್ಲ.

ಅಂಕಿಗಳನ್ನೂ ನೋಡಿ. ಏರ್‌ಬಸ್ ಎ350 ವಿಮಾನಕ್ಕೆ 2014ರಲ್ಲಿ ಪ್ರಮಾಣಪತ್ರ ಸಿಗುವ ಮೊದಲು ಐದು ವಿಮಾನಗಳು ಸೇರಿ 2,600 ಗಂಟೆಗೂ ಹೆಚ್ಚು ಪರೀಕ್ಷಾ ಹಾರಾಟ ನಡೆಸಿದ್ದವು. ಯೂನಿಟಿ 2024ರ ಜೂನ್ 8ರಂದು ನಿವೃತ್ತಿಯಾಗುವ ಹೊತ್ತಿಗೆ ಬಾಹ್ಯಾಕಾಶದ ಅಂಚಿಗೆ ಹೋಗಿಬಂದದ್ದು ಒಟ್ಟು 12 ಸಲ. ಪ್ರತಿ ಸಲ ಎಂಜಿನ್ ಉರಿದದ್ದು ಒಂದು ನಿಮಿಷದ ಆಸುಪಾಸು. ವಿಮಾನಕ್ಕೂ ಇದಕ್ಕೂ ಸರಿಸಮ ಹೋಲಿಕೆ ಆಗದು, ನಿಜ. ಆದರೂ ಆ ಎಂಜಿನ್ ಮೇಲೆ ಉರಿದ ಕಾಲವನ್ನೆಲ್ಲ ಕೂಡಿದರೆ ಗದಗಿನಿಂದ ಅಣ್ಣಿಗೇರಿಗೆ ಬಸ್ಸು ಹೋಗುವ ಹೊತ್ತೂ ಆಗುವುದಿಲ್ಲ. ಆದ್ದರಿಂದ ‘ಇಷ್ಟೆಲ್ಲ ಪರೀಕ್ಷೆ ಮುಗಿದ ಮೇಲೆ’ ಎಂದು ನೀವು ಬರೆದಿದ್ದೀರಲ್ಲ, ಪರೀಕ್ಷೆ ಮುಗಿದಿಲ್ಲ. ದುಡ್ಡು ಕೊಟ್ಟವರು ಪರೀಕ್ಷೆಯ ಒಳಗೇ ಕುಳಿತಿರುತ್ತಾರೆ.

ನಾನು ಹತ್ತುತ್ತೇನೆಯೇ? ಟಿಕೆಟ್ ನಿಮ್ಮ ಕಡೆಯಿಂದ ಬರುವುದಾದರೆ ನ್ಯೂ ಶೆಪರ್ಡ್‌ಗೆ ತೆಗೆಸಿ, ಹೋಗಿಬರುತ್ತೇನೆ. 82ನೆಯ ವಯಸ್ಸಿನಲ್ಲಿ ವಾಲಿ ಫಂಕ್ ಎಂಬ ಹಿರಿಯ ಮಹಿಳಾ ಪೈಲಟ್ ಅದರಲ್ಲಿ ಹೋಗಿಬಂದರು, ನನ್ನ ವಯಸ್ಸು ಅಡ್ಡಬಾರದು. ವರ್ಜಿನ್ ಈಗ ಯೂನಿಟಿಯ ಜಾಗಕ್ಕೆ ಹೊಸ ಮಾದರಿಯ ನೌಕೆಯನ್ನು ತರಲು ಹೊರಟಿದೆ. ಅದನ್ನು ಅವರು ಕೆಡಿಸಿ ನೋಡಿದ ವರದಿಗಳನ್ನು ಓದದೆ ನಾನು ಹತ್ತುವುದಿಲ್ಲ.

ಶ್ರೀಮಂತರ ಜಾತ್ರೆ ಎಂದಿರಿ. ಜಾತ್ರೆ ಅವರದೇ, ತಕರಾರಿಲ್ಲ. ಆದರೆ ತೇರು ಕಟ್ಟುವ ಕೆಲಸ ನಮ್ಮ ಸೀಮೆಯ ಮಗ್ಗುಲಲ್ಲೂ ನಡೆದಿದೆ. ಹಾವೇರಿ, ದಾವಣಗೆರೆ ದಾಟಿದರೆ ಸಿಗುವ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ಇಸ್ರೊ ತನ್ನ ಮರುಬಳಕೆಯ ರೆಕ್ಕೆನೌಕೆ ‘ಪುಷ್ಪಕ್’ ಅನ್ನು ಅಲ್ಲಿ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇಳಿಸಿ ನೋಡಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಎತ್ತಿಕೊಂಡು ಹೋಗಿ, ಮೂರನೆಯ ಸಲ ನಾಲ್ಕೂವರೆ ಕಿ.ಮೀ. ಎತ್ತರದಿಂದ, ಬೇಕೆಂದೇ ರನ್‌ವೇಯ ನೇರಕ್ಕಲ್ಲದೆ 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ನೌಕೆ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಮತ್ತು ಬ್ರೇಕ್ ಹಿಡಿದು ನಿಂತಿತು. ಪಕ್ಕಕ್ಕೆ ಬಿಟ್ಟರಲ್ಲ, ಆ ಬುದ್ಧಿ ನನಗೆ ಹಿಡಿಸಿತು.

ಗಗನಯಾನದ್ದೂ ಅದೇ ದಾರಿ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ನಡೆದ ಮೊದಲ ಪರೀಕ್ಷೆಯ ಉದ್ದೇಶವೇ ಓಡಿಹೋಗುವುದು: ರಾಕೆಟ್ ಏರುತ್ತಿರುವಾಗ ಯಾತ್ರಿಗಳ ಕೋಶವನ್ನು ಬೇರ್ಪಡಿಸಿ ಪಾರು ಮಾಡುವುದು. ಉಡಾವಣೆಗೆ ಐದು ಸೆಕೆಂಡು ಇರುವಾಗ ಕಂಪ್ಯೂಟರ್ ತಡೆಯಿತು. ಕಾರಣ ಹುಡುಕಿ ಹತ್ತು ಗಂಟೆಗೆ ಹಾರಿಸಿದರು. ಸುಮಾರು 17 ಕಿ.ಮೀ. ಎತ್ತರಕ್ಕೆ ಹೋದ ಕೋಶ ಪ್ಯಾರಾಚೂಟ್‌ಗಳಲ್ಲಿ ಬಂಗಾಳ ಕೊಲ್ಲಿಗಿಳಿಯಿತು, ಅಲ್ಲಿ ತಲೆಕೆಳಗಾಗಿ ತೇಲಿತು. ಅದೂ ಒಂದು ಪಾಠವೇ. ಒಳಗೆ ಜನರಿದ್ದಾಗ ಹಾಗೆ ತೇಲಬಾರದು ಎಂದು ಖಾಲಿ ಕೋಶದಲ್ಲಿಯೇ ತಿಳಿಯಿತು.

ಕೊನೆಯದಾಗಿ ನಿಮ್ಮ ಮೊಮ್ಮಗಳ ವಿಷಯ. ಹಾರಾಟ ಪರೀಕ್ಷೆಯ ಎಂಜಿನಿಯರ್ ಎಂದರೆ ನೌಕೆಯನ್ನು ಓಡಿಸುವವರಲ್ಲ. ಇಂದಿನ ಹಾರಾಟದಲ್ಲಿ ಯಾವುದನ್ನು ಅಳೆಯಬೇಕು, ಎಲ್ಲೆಲ್ಲಿ ಸಂವೇದಕ ಕೂರಿಸಬೇಕು, ಯಾವ ಅಂಕಿ ಗೆರೆ ದಾಟಿದರೆ ಪೈಲಟ್‌ಗೆ ‘ಸಾಕು, ಹಿಂದಿರುಗಿ’ ಎನ್ನಬೇಕು ಎಂಬುದನ್ನು ಮೊದಲೇ ಬರೆದಿಟ್ಟು, ಹಾರಾಟದ ಹೊತ್ತಿನಲ್ಲಿ ಪರದೆಯ ಮುಂದೆ ಕಣ್ಣು ಮಿಟುಕಿಸದೆ ಕುಳಿತು, ಆಮೇಲೆ ವಾರಗಟ್ಟಲೆ ಅಂಕಿಗಳಲ್ಲಿ ಮುಳುಗುವವರು. ಹೆಸರು ಪೈಲಟ್‌ಗೆ ಬರುತ್ತದೆ, ನಿದ್ದೆ ಎಂಜಿನಿಯರ್‌ಗೆ ಹೋಗುತ್ತದೆ. ಬೆಂಗಳೂರಿನಲ್ಲಿರುವ ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಶಾಲೆಯಲ್ಲಿ ಈ ಎಂಜಿನಿಯರ್‌ಗಳಿಗೂ ತರಬೇತಿಯಿದೆ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳೇ. ವಾಯುಪಡೆಯ ತಾಂತ್ರಿಕ ವಿಭಾಗ, ಎಚ್‌ಎಎಲ್, ಡಿಆರ್‌ಡಿಒ, ಇಸ್ರೊ, ಈ ನಾಲ್ಕರಲ್ಲಿ ಯಾವುದರ ಬಾಗಿಲು ತಟ್ಟಿದರೂ ಈ ಕೆಲಸದ ಹತ್ತಿರ ಹೋಗಬಹುದು. ಮೆಕ್ಯಾನಿಕಲ್ ಓದಿದವಳಿಗೆ ಕಂಪನ, ಶಾಖ, ನಿಯಂತ್ರಣದ ಪಾಠಗಳು ಗಟ್ಟಿಯಾಗಿರಲಿ, ಜತೆಗೆ ಸಂಖ್ಯಾಶಾಸ್ತ್ರ.

ಕೆಲಸದ ಬೆಲೆ ಏನು ಎಂಬುದನ್ನೂ ಅವಳಿಗೆ ಹೇಳಿ, ಮುಚ್ಚಿಡಬೇಡಿ. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರಿನ ಗ್ರೂಪ್ ಕ್ಯಾಪ್ಟನ್ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನದ ಮೊದಲ ಹಾರಾಟವನ್ನು 1961ರ ಜೂನ್ 17ರಂದು ನಡೆಸಿದವರು, 1970ರ ಜನವರಿ 10ರಂದು ಅದೇ ವಿಮಾನದ ಇನ್ನೊಂದು ಮಾದರಿಯನ್ನು ಪರೀಕ್ಷಿಸುವಾಗ ತೀರಿಕೊಂಡವರು.

ಆಲ್ಸ್‌ಬರಿ ಅಪಘಾತದ ತನಿಖಾ ವರದಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಪಠ್ಯಪುಸ್ತಕಕ್ಕಿಂತ ಮೊದಲು ಅವಳು ಅದನ್ನು ಓದಲಿ. ಓದಿದ ಮೇಲೆ ಹಿಡಿಕೆಯ ವಿಷಯದಲ್ಲಿ ಅವಳು ನಿಮ್ಮ ಪಕ್ಷವೋ ನನ್ನ ಪಕ್ಷವೋ ಎಂದು ಒಂದು ಕಾರ್ಡು ಹಾಕಿ. ನಿಮ್ಮ ಪಕ್ಷವೇ ಆದರೂ ಅವಳ ಪತ್ರವನ್ನು ಅಚ್ಚು ಹಾಕುತ್ತೇನೆ.

— ಸಂಪಾದಕ